50 ಜನರ ಸಂಗೀತ ಕಛೇರಿಗೆ ದುಡ್ಡು ಕೊಡುವವರು ಯಾರು?

ಮನೆಯ ಹಜಾರದಲ್ಲೋ ಸಣ್ಣ ಹಾಲ್‌ನಲ್ಲೋ ತಿಂಗಳಿಗೊಂದು ಕಛೇರಿ ನಡೆಸುವ ಮೈಸೂರಿನ ಬಳಗಗಳನ್ನು ಒಂದೇ ಪ್ರಶ್ನೆ ಕಾಡುತ್ತಿದೆ. ಕೇಳಲು ಬಂದವರ ಹತ್ತಿರ ದುಡ್ಡು ತಗೋಬೇಕೋ ಬೇಡವೋ? ಟಿಕೆಟ್ ಅಂದರೆ ಕೆಲವರಿಗೆ ಮುಜುಗರ. ಪ್ರಾಯೋಜಕರು ಅಂದರೆ ಇನ್ನು ಕೆಲವರಿಗೆ ಬೇಸರ. ಅನುದಾನ ಅಂದರೆ ಅರ್ಜಿ, ಅಲೆದಾಟ. ಈ ಗೋಜಲು ಇವತ್ತು ನಿನ್ನೆಯದಲ್ಲ.

ಅರಮನೆ ಇದ್ದಾಗ ಈ ಮಾತೇ ಏಳುತ್ತಿರಲಿಲ್ಲ. ವೀಣೆ ಶೇಷಣ್ಣ, ವಾಸುದೇವಾಚಾರ್ಯರು, ಮುತ್ತಯ್ಯ ಭಾಗವತರು ಎಲ್ಲರೂ ಆಸ್ಥಾನ ವಿದ್ವಾಂಸರು. ಕೇಳುವವರು ಕೆಲವರು, ಕೊಡುವ ಕೈ ಒಂದೇ. ಜಯಚಾಮರಾಜ ಒಡೆಯರ ಕಾಲಕ್ಕೆ ಆ ಕೈ ಲಂಡನ್ನಿಗೂ ಚಾಚಿತು. ಅಲ್ಲಿನ ಫಿಲ್‌ಹಾರ್ಮೋನಿಯಾ ವಾದ್ಯಗೋಷ್ಠಿಗೆ ಮೂರು ವರ್ಷ, ವರ್ಷಕ್ಕೆ 10,000 ಪೌಂಡ್ ನೆರವು. ರಷ್ಯಾದ ಸಂಗೀತಗಾರ ಮೆಟ್ನರ್ ಅವರ ಕೃತಿಗಳು ಧ್ವನಿಮುದ್ರಣವಾಗಿದ್ದೂ ಮೈಸೂರಿನ ಹಣದಿಂದಲೇ. ಆಮೇಲೆ ಸಂಸ್ಥಾನ ಹೋಯಿತು. ಸರ್ಕಾರ ಮಾಜಿ ರಾಜರಿಗೆ ಕೊಡುತ್ತಿದ್ದ ರಾಜಧನವೂ 1971ರಲ್ಲಿ ನಿಂತಿತು. ಮೈಸೂರಿಗೆ ಬರುತ್ತಿದ್ದದ್ದು ವರ್ಷಕ್ಕೆ 26 ಲಕ್ಷ ರೂಪಾಯಿ, ಆ ಹೊತ್ತಿಗೆ ಇಡೀ ದೇಶದಲ್ಲೇ ಜಾಸ್ತಿ.

ಅಷ್ಟರಲ್ಲಿ ಕಛೇರಿಯ ಅಳತೆಯೂ ಬದಲಾಗಿತ್ತು. ಬಿಡಾರಂ ಕೃಷ್ಣಪ್ಪನವರು ಹಾಡಿ ದುಡಿದ ಹಣ ಸುರಿದು ಮೈಸೂರಿನಲ್ಲಿ ಪ್ರಸನ್ನ ಸೀತಾರಾಮ ಮಂದಿರ ಕಟ್ಟಿದರು. ರಾಮನವಮಿಯ ಕಛೇರಿಗಳು ಅಲ್ಲಿ ಊರವರಿಗೆಲ್ಲ ಸಿಕ್ಕವು. ಅವರ ಶಿಷ್ಯ ಪಿಟೀಲು ಚೌಡಯ್ಯನವರು ವಾದ್ಯಕ್ಕೆ ಏಳು ತಂತಿ ಕಟ್ಟಿಕೊಂಡಿದ್ದು, ಹಿಂದೆ ಕೂತವರಿಗೂ ನಾದ ಮುಟ್ಟಲಿ ಅಂತ. ಆಮೇಲೆ ಮೈಕು ಬಂತು. ಸಭೆ ಬೆಳೆಯಿತು.

ಇದರಲ್ಲಿ ಪೆಟ್ಟು ತಿಂದದ್ದು ವೀಣೆ, ನನ್ನ ಪ್ರಕಾರ. ಹಲಸಿನ ಮರದ ಕೊಡ, 24 ಮೆಟ್ಟಿಲು, ಏಳು ತಂತಿ. ಅದರ ದನಿ ಒಂದು ಕೋಣೆಗೆ ಸಾಕಾಗುವಷ್ಟೇ. ಒಮ್ಮೆ ಮೀಟಿ, ಎಡಗೈಯಲ್ಲಿ ತಂತಿ ಎಳೆದು ಎರಡು ಮೂರು ಸ್ವರ ತೆಗೆಯುತ್ತಾರಲ್ಲ, ಆ ಎಳೆತದ ಕೊನೆ ಮೈಕಿನಲ್ಲಿ ಸಿಗುವುದು ಕಷ್ಟ. ಮೂರಡಿ ದೂರದಲ್ಲಿ ಜಮಖಾನದ ಮೇಲೆ ಕೂತರೆ ಸಿಗುತ್ತದೆ. ಫ್ಯಾನ್ ಆರಿಸಿರಬೇಕು, ಅಷ್ಟೇ. ವೀಣೆಯ ಊರಾದ ಮೈಸೂರಿನಲ್ಲಿ ಸಣ್ಣ ಕಛೇರಿ ಬೇಕು ಅನ್ನುವುದು ಇದಕ್ಕೇ.

ಅರಮನೆಯ ಜಾಗಕ್ಕೆ ಬಂದದ್ದು ಬಡಾವಣೆ. ವಿ.ವಿ. ಮೊಹಲ್ಲಾದ ಎಂಟನೇ ಕ್ರಾಸಿನ ಗಣೇಶೋತ್ಸವ 1962ರಲ್ಲಿ ಶುರುವಾಯಿತು. ದೊಡ್ಡ ದೊಡ್ಡ ವಿದ್ವಾಂಸರು ರಸ್ತೆಯ ಪೆಂಡಾಲಿನಲ್ಲಿ ಹಾಡಿದರು. ಯಾರು ಬೇಕಾದರೂ ಬಂದು ಕೂರಬಹುದಿತ್ತು. ನನ್ನಂಥ ಎಷ್ಟೋ ಜನರ ಕಿವಿ ಪಳಗಿದ್ದು ಪೆಂಡಾಲುಗಳಲ್ಲೇ. ಅದರ ಋಣ ದೊಡ್ಡದು.

ಆದರೆ ಅದು ಪುಕ್ಕಟೆ ಆಗಿರಲಿಲ್ಲ. ನಮ್ಮ ಮನೆಯ ಅಡುಗೆಮನೆ ಬಾಗಿಲ ಹಿಂದೆ ಬಗ್ಗಿಸಿದ ಒಂದು ಕಂಬಿ ಇತ್ತು. ಕರೆಂಟ್ ಬಿಲ್ಲು, ಹಾಲಿನ ಲೆಕ್ಕದ ಚೀಟಿ ಎಲ್ಲ ಅದಕ್ಕೇ ಚುಚ್ಚುತ್ತಿದ್ದರು. ಅದರ ನಡುವೆ ಪ್ರತಿವರ್ಷ ಒಂದು ಹಳದಿ ಚೀಟಿ, ನಮ್ಮ ಬೀದಿಯ ಗಣಪತಿಯ ವಂತಿಗೆ ರಸೀದಿ. ಪುಸ್ತಕ ಹಿಡಿದು ಬಂದವರಿಗೆ ಅಮ್ಮ ಡಬ್ಬಿಯಿಂದ ತೆಗೆದು ಕೊಡುತ್ತಿದ್ದಳು. ಬರಬರುತ್ತಾ ವಂತಿಗೆಯ ಜಾಗಕ್ಕೆ ಅಂಗಡಿಗಳ ಬ್ಯಾನರ್ ಬಂತು, ಮನೆಮನೆಗೆ ಬರುವವರು ಕಡಿಮೆಯಾದರು. ರಸೀದಿ ಮರೆತುಹೋಯಿತು. ಸಂಗೀತ ಅಂದರೆ ಪ್ರವೇಶ ಉಚಿತ ಅನ್ನುವುದೊಂದು ನೆನಪಿನಲ್ಲಿ ಉಳಿಯಿತು.

2013ರ ಕಂಪನಿ ಕಾಯ್ದೆ ಬಂದಾಗ ಹೊಸ ಆಸೆ ಹುಟ್ಟಿತು. ದೊಡ್ಡ ಕಂಪನಿಗಳು ಲಾಭದ ಶೇ. 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು, ಆ ಪಟ್ಟಿಯಲ್ಲಿ ಕಲೆಯೂ ಇದೆ. ಆದರೆ 50 ಜನ ಕೂತ ಹಜಾರ ಅಂಥವರ ಕಣ್ಣಿಗೆ ಬೀಳುವುದು ಕಷ್ಟ. ಕೊಟ್ಟವರಿಗೆ ತೆರಿಗೆ ವಿನಾಯಿತಿ ಸಿಗಬೇಕಾದರೆ ಟ್ರಸ್ಟ್ ನೋಂದಣಿ ಬೇಕು, ಪ್ರತಿವರ್ಷ ಲೆಕ್ಕ ಒಪ್ಪಿಸಬೇಕು. ನಾಲ್ಕು ಜನ ನಿವೃತ್ತರು ಸೇರಿ ನಡೆಸುವ ಬಳಗಕ್ಕೆ ಅದೇ ದೊಡ್ಡ ಹೊರೆ.

ಖರ್ಚು ಹೆಚ್ಚೇನಲ್ಲ, ಆದರೆ ತಪ್ಪಿದ್ದಲ್ಲ. ವಿದ್ವಾಂಸರ ಸಂಭಾವನೆ, ಪಿಟೀಲು, ಮೃದಂಗ, ಬೆಂಗಳೂರಿನಿಂದ ಬಂದರೆ ಕಾರು, ಕಾಫಿ. ದುಡ್ಡು ಕಡಿಮೆ ಬಿದ್ದಾಗ ಮೊದಲು ತೆಳ್ಳಗಾಗುವುದು ಪಕ್ಕವಾದ್ಯದವರ ಸಂಭಾವನೆಯ ಕವರ್. ಹುಡುಗ ಎರಡೂವರೆ ಗಂಟೆ ಮೃದಂಗ ನುಡಿಸಿ, ಬಸ್ ಹಿಡಿದು ಮನೆಗೆ ಹೋಗಿರುತ್ತಾನೆ. ಅವನೆದುರು 'ಸೇವೆ' ಅನ್ನುವ ಮಾತು ಆಡಲು ನನಗಂತೂ ಬಾಯಿ ಬರುವುದಿಲ್ಲ.

ಹಾಗಾಗಿ ಕೆಲವು ಬಳಗಗಳು ಹಳೇ ದಾರಿಗೇ ಬಂದಿವೆ. ಟಿಕೆಟ್ ಇಲ್ಲ, ಬ್ಯಾನರ್ ಇಲ್ಲ, ಮನೆಗಿಷ್ಟು ಅಂತ ವಂತಿಗೆ. ನಮ್ಮ ಬಳಗದಲ್ಲಿ 40 ಮನೆ, ತಿಂಗಳಿಗೆ 300 ರೂಪಾಯಿ. ಒಟ್ಟು 12,000. ಓದುವ ಮಕ್ಕಳು ಸುಮ್ನೆ ಬಂದು ಕೂರಬಹುದು. ಮೈಕಿನ ಬಾಡಿಗೆ ಇಲ್ಲ. ಹಜಾರ ಕೊಟ್ಟ ಮನೆಯವರೇ ಕಾಫಿ ಮಾಡುತ್ತಾರೆ. ಈ ತಿಂಗಳು ಮೂರು ಮನೆಯವರು ಊರಲ್ಲಿಲ್ಲ, 900 ರೂಪಾಯಿ ಕಡಿಮೆ ಬಿತ್ತು. ಮೃದಂಗದವರ ಕವರ್ ಹಾಗೇ ಇರಲಿ ಅಂತ ಉಳಿದವರು 25 ರೂಪಾಯಿ ಜಾಸ್ತಿ ಹಾಕಿದ್ದೇವೆ.