ಪಾಲಿಮರ್, ನಾರು ಮತ್ತು ವಿಧಿವಿಜ್ಞಾನ: ಅಧ್ಯಯನ ಟಿಪ್ಪಣಿ

ಮಾನೋಮರ್ ಎಂಬ ಸಣ್ಣ ಅಣುಗಳು ಬಹುಸಂಖ್ಯೆಯಲ್ಲಿ ಒಂದಕ್ಕೊಂದು ಬೆಸೆದುಕೊಂಡು ಉಂಟಾಗುವ ದೈತ್ಯ ಅಣುವೇ ಪಾಲಿಮರ್. ಎಥಿಲೀನ್ ಅಣುಗಳು ತಮ್ಮ ದ್ವಿಬಂಧವನ್ನು ತೆರೆದು, ಏನನ್ನೂ ಕಳೆದುಕೊಳ್ಳದೆ ಸೇರಿ ಪಾಲಿಎಥಿಲೀನ್ ಆಗುವುದು ಸಂಕಲನ ಪಾಲಿಮರೀಕರಣ. ಹೆಕ್ಸಾಮೆಥಿಲೀನ್ ಡೈಅಮೀನ್ ಮತ್ತು ಅಡಿಪಿಕ್ ಆಮ್ಲ ಸೇರುವಾಗ ಒಂದೊಂದು ಬಂಧಕ್ಕೂ ಒಂದು ನೀರಿನ ಅಣು ಹೊರಬಿದ್ದು ನೈಲಾನ್ 6,6 ಉಂಟಾಗುವುದು ಸಂಘನನ ಪಾಲಿಮರೀಕರಣ. ನೈಲಾನ್ 6,6 ಅನ್ನು 1935ರಲ್ಲಿ ಡ್ಯುಪಾಂಟ್ ಸಂಸ್ಥೆಯ ವ್ಯಾಲೇಸ್ ಕರೋಥರ್ಸ್ ಅವರ ತಂಡ ತಯಾರಿಸಿತು.

ಎಲ್ಲ ಪಾಲಿಮರ್‌ಗಳೂ ನಾರಾಗುವುದಿಲ್ಲ. ಸರಪಳಿಗಳು ಉದ್ದವಾಗಿದ್ದು, ನಾರಿನ ಉದ್ದಕ್ಕೂ ಒಂದೇ ದಿಕ್ಕಿಗೆ ಸಾಲಾಗಿ, ಅಕ್ಕಪಕ್ಕದವುಗಳನ್ನು ಬಿಗಿಯಾಗಿ ಹಿಡಿದುಕೊಂಡಾಗ ಮಾತ್ರ ಎಳೆತಕ್ಕೆ ತಡೆಯುವ ಬಲ ಬರುತ್ತದೆ. ಹತ್ತಿಯ ಸೆಲ್ಯುಲೋಸ್‌ನಲ್ಲಿ ಈ ಜೋಡಣೆಯನ್ನು ಗಿಡವೇ ಮಾಡಿರುತ್ತದೆ. ನೈಲಾನ್ ಮತ್ತು ಪಾಲಿಎಸ್ಟರ್‌ಗಳಲ್ಲಿ, ಕರಗಿದ ದ್ರವವನ್ನು ಸಣ್ಣ ರಂಧ್ರಗಳ ಮೂಲಕ ಹೊರಹಾಕಿ ತಣಿಸಿದ ಎಳೆಯನ್ನು ಹಿಗ್ಗಿಸುವುದರಿಂದ ಅದು ಸಿದ್ಧಿಸುತ್ತದೆ.

ವಿಧಿವಿಜ್ಞಾನದ, ಅಂದರೆ ಅಪರಾಧ ತನಿಖೆಗೆ ನೆರವಾಗುವ ವಿಜ್ಞಾನದ, ದೃಷ್ಟಿಯಿಂದ ಇದೇ ಮುಖ್ಯ ಸಂಗತಿ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ನಾರಿಗೆ ಬಲ ಕೊಡುವ ಜೋಡಣೆಯೇ ಅದರ ಗುರುತನ್ನೂ ಕೊಡುತ್ತದೆ. ಸಾಲುಗೊಂಡ ಸರಪಳಿಗಳಿರುವ ನಾರಿನಲ್ಲಿ ಬೆಳಕಿನ ವಕ್ರೀಭವನ ಸೂಚ್ಯಂಕವು (ಒಳಹೊಕ್ಕ ಬೆಳಕು ಎಷ್ಟು ಬಾಗುತ್ತದೆ ಎಂಬುದರ ಅಳತೆ) ಉದ್ದಕ್ಕೆ ಒಂದು, ಅಡ್ಡಕ್ಕೆ ಇನ್ನೊಂದು ಆಗಿರುತ್ತದೆ. ಈ ಎರಡರ ವ್ಯತ್ಯಾಸವಾದ ದ್ವಿವಕ್ರೀಭವನವು ಪಾಲಿಎಸ್ಟರ್‌ನಲ್ಲಿ ಸುಮಾರು 0.17, ನೈಲಾನ್‌ನಲ್ಲಿ ಸುಮಾರು 0.06 ಇದ್ದು, ಅಕ್ರಿಲಿಕ್‌ನಲ್ಲಿ ಸೊನ್ನೆಗೆ ಬಹಳ ಹತ್ತಿರವಿರುತ್ತದೆ. ಹಾಗಾಗಿ ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕದಡಿ ಕೆಲವೇ ಮಿಲಿಮೀಟರ್ ಉದ್ದದ ಎಳೆಯನ್ನೂ, ಹಾಳುಮಾಡದೆ, ಬಗೆ ಹಿಡಿಯಬಹುದು. ನೈಸರ್ಗಿಕ ನಾರುಗಳನ್ನು ರೂಪದಿಂದಲೇ ಗುರುತಿಸಬಹುದು: ಹತ್ತಿ ಅಲ್ಲಲ್ಲಿ ತಿರುಚಿದ ಚಪ್ಪಟೆ ಪಟ್ಟಿಯಂತಿದ್ದರೆ, ಉಣ್ಣೆಯ ಮೇಲ್ಮೈಯಲ್ಲಿ ಒಂದರ ಮೇಲೊಂದು ಹೊದೆದ ಹುರುಪೆಗಳಿರುತ್ತವೆ.

ನಾರು ಯಾವ ಯಾವ ಅವಕೆಂಪು (ಇನ್‌ಫ್ರಾರೆಡ್) ಕಿರಣಗಳನ್ನು ಹೀರುತ್ತದೆ ಎಂದು ತೋರಿಸುವ ಅವಕೆಂಪು ರೋಹಿತವು ಅದರ ರಾಸಾಯನಿಕ ವರ್ಗವನ್ನು ತಿಳಿಸುತ್ತದೆ. ನೈಲಾನ್ 6 ಮತ್ತು ನೈಲಾನ್ 6,6ರ ರೋಹಿತಗಳು ತೀರ ಹೋಲುವುದರಿಂದ ಅಲ್ಲಿ ಕರಗುವ ಬಿಂದು ನೆರವಿಗೆ ಬರುತ್ತದೆ. ಮೊದಲನೆಯದು ಸುಮಾರು 220 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಎರಡನೆಯದು ಸುಮಾರು 260ರಲ್ಲಿ ಕರಗುತ್ತದೆ. ಬಣ್ಣಗಳ ಹೋಲಿಕೆಯನ್ನು ಕಣ್ಣಿನ ಅಂದಾಜಿಗೆ ಬಿಡದೆ ಸೂಕ್ಷ್ಮ ರೋಹಿತಮಾಪನದಿಂದ, ಅಂದರೆ ಎಳೆ ಹೀರುವ ಬೆಳಕನ್ನು ಸೂಕ್ಷ್ಮದರ್ಶಕದಡಿ ಉಪಕರಣದಿಂದ ಅಳೆದು, ಮಾಡಬೇಕು, ಏಕೆಂದರೆ ಬೇರೆ ಬೇರೆ ವರ್ಣಕಗಳು ಕಣ್ಣಿಗೆ ಒಂದೇ ಬಣ್ಣವಾಗಿ ಕಾಣಬಲ್ಲವು.

ಇಷ್ಟೆಲ್ಲ ಹೊಂದಿದರೂ ನಾರು ಸಾಮಾನ್ಯವಾಗಿ ವರ್ಗಸಾಕ್ಷ್ಯವೇ (ಯಾವ ಬಗೆಯದೆಂದಷ್ಟೇ ಹೇಳುವ ಸಾಕ್ಷ್ಯವೇ) ಹೊರತು, ಇದೇ ಬಟ್ಟೆಯಿಂದ ಬಂದದ್ದೆಂದು ಅದು ಸಾಧಿಸುವುದಿಲ್ಲ. ಅದರ ತೂಕ ನಿಂತಿರುವುದು ಅದು ಎಷ್ಟು ವಿರಳ ಎಂಬುದರ ಮೇಲೆ. ಬಿಳಿ ಹತ್ತಿ ಎಲ್ಲೆಡೆ ಸಿಗುವುದರಿಂದ ಸಾಕ್ಷ್ಯವಾಗಿ ಅದರ ಬೆಲೆ ಅತ್ಯಲ್ಪ. ಇದಕ್ಕೆ ವ್ಯತಿರಿಕ್ತವಾಗಿ, ಅಮೆರಿಕದ ಅಟ್ಲಾಂಟಾ ನಗರದ ಕೊಲೆ ಪ್ರಕರಣದ 1982ರ ವಿಚಾರಣೆಯಲ್ಲಿ ಅಸಾಮಾನ್ಯವಾದ ಮೂರು ಹಾಲೆಗಳ ಅಡ್ಡಛೇದವಿದ್ದ ಹಸಿರು ನೈಲಾನ್ ಕಾರ್ಪೆಟ್ ನಾರು ಪ್ರಮುಖ ಸಾಕ್ಷ್ಯವಾಯಿತು. ಆ ಕಾರ್ಪೆಟ್ ಸೀಮಿತ ಅವಧಿಯಲ್ಲಿ ಮಾತ್ರ ತಯಾರಾಗಿದ್ದುದರಿಂದ ಅದು ಎಷ್ಟು ಮನೆಗಳಲ್ಲಿ ಇದ್ದಿರಬಹುದೆಂದು ಅಂದಾಜು ಮಾಡಲು ಸಾಧ್ಯವಾಯಿತು.

ಧರಿಸಿದ ಬಟ್ಟೆಗೆ ಅಂಟಿದ ಹೊರಗಿನ ಎಳೆಗಳಲ್ಲಿ ಬಹುಪಾಲು ಕೆಲವೇ ಗಂಟೆಗಳಲ್ಲಿ ಉದುರಿಹೋಗುತ್ತವೆ, ಮತ್ತು ಮೂರನೆಯ ವಸ್ತುವೊಂದರ ಮೂಲಕವೂ ಎಳೆಗಳು ದಾಟಿ ಬರಬಲ್ಲವು. ಆದ್ದರಿಂದ ಅಂಟುಪಟ್ಟಿಯಿಂದ ಎಳೆಗಳನ್ನು ಎತ್ತಿಕೊಳ್ಳುವ ಕೆಲಸ ಬೇಗ ನಡೆಯಬೇಕು. ಶಂಕಿತನ ಮತ್ತು ಬಲಿಯಾದವರ ಬಟ್ಟೆಗಳನ್ನು ಬೇರೆ ಬೇರೆ ಕೋಣೆಗಳಲ್ಲಿ ಪರೀಕ್ಷಿಸಬೇಕು.