ಜಾಮೆಲ್‌ಪಾರ್ಟೈ: ಒಂದು ಭಾಷೆಯವರೆಲ್ಲ ಒಂದೇ ಪಕ್ಷದಲ್ಲಿ

ಇಟಲಿಯ ಉತ್ತರದ ತುದಿಯಲ್ಲಿ, ಆಸ್ಟ್ರಿಯಾದ ಗಡಿಗೆ ಅಂಟಿಕೊಂಡು ದಕ್ಷಿಣ ಟಿರೋಲ್ ಎಂಬ ಬೆಟ್ಟಸೀಮೆಯ ಪ್ರಾಂತ್ಯವಿದೆ. ಅಲ್ಲಿ ಹತ್ತರಲ್ಲಿ ಸುಮಾರು ಏಳು ಮಂದಿಯ ಮನೆಮಾತು ಜರ್ಮನ್. 1948ರಿಂದ ಇಂದಿನವರೆಗೂ ಆ ಪ್ರಾಂತ್ಯದ ಚುಕ್ಕಾಣಿ ಹಿಡಿದಿರುವುದು ಒಂದೇ ಪಕ್ಷ: ದಕ್ಷಿಣ ಟಿರೋಲ್ ಜನತಾ ಪಕ್ಷ, ಜರ್ಮನ್ ಹೆಸರಿನ ಮೊದಲಕ್ಷರಗಳಲ್ಲಿ ಎಸ್‌ವಿಪಿ. ಚಿಹ್ನೆ ಎಡೆಲ್‌ವೈಸ್, ಆಲ್ಪ್ಸ್ ಪರ್ವತದ ಎತ್ತರದಲ್ಲಿ ಅರಳುವ ಬಿಳಿ ಹೂವು. ಇದು ಎಡವೋ ಬಲವೋ ಎಂದು ಕೇಳಿದರೆ ಸರಿಯಾದ ಉತ್ತರ ಸಿಗದು. ಅಲ್ಲಿನವರು ಇದನ್ನು ಜಾಮೆಲ್‌ಪಾರ್ಟೈ ಎನ್ನುತ್ತಾರೆ, ಅಂದರೆ ಎಲ್ಲರನ್ನೂ ಒಟ್ಟುಗೂಡಿಸಿಕೊಂಡ ಪಕ್ಷ.

ಈ ಕೂಟದಲ್ಲಿ ಸೇಬಿನ ತೋಟದ ರೈತನಿದ್ದಾನೆ, ಹೋಟೆಲ್ ಮಾಲೀಕನಿದ್ದಾನೆ, ಆ ಹೋಟೆಲಿನಲ್ಲಿ ಸಂಬಳಕ್ಕೆ ದುಡಿಯುವವನೂ ಇದ್ದಾನೆ. ರೈತರು, ಉದ್ಯಮಿಗಳು, ನೌಕರರು ಎಂಬ ಬಣಗಳು ಪಕ್ಷದೊಳಗೆ ಬಹಿರಂಗವಾಗಿಯೇ ಇವೆ. ಬೇರೆ ಕಡೆ ಮೂರು ಪಕ್ಷಗಳು ಹಾದಿಬೀದಿಯಲ್ಲಿ ಆಡುವ ಜಗಳವನ್ನು ಇವರು ಪಕ್ಷದ ಸಭೆಯಲ್ಲೇ ಆಡಿ ಮುಗಿಸಿಕೊಳ್ಳಬೇಕು. ರೋಮ್ ಸರ್ಕಾರದ ಎದುರು ನಿಂತಾಗ ದನಿ ಒಂದೇ ಇರಬೇಕು. ಕೆಲವು ಕಣಿವೆಗಳಲ್ಲಿ ಲಾಡಿನ್ ಭಾಷೆಯಾಡುವ ಸಣ್ಣ ಸಮುದಾಯವನ್ನೂ ಪಕ್ಷ ತನ್ನದೆಂದೇ ಎಣಿಸುತ್ತದೆ. ಇಟಾಲಿಯನ್ ಭಾಷಿಕರು ಮಾತ್ರ ಈ ಲೆಕ್ಕದಿಂದ ಹೊರಗೆ.

ಈ ಒಗ್ಗಟ್ಟು ಆದರ್ಶದಿಂದ ಹುಟ್ಟಿದ್ದಲ್ಲ, ಪೆಟ್ಟು ತಿಂದು ಕಲಿತದ್ದು. ಮೊದಲ ಮಹಾಯುದ್ಧದಲ್ಲಿ ಸೋತ ಆಸ್ಟ್ರಿಯಾದಿಂದ ಬ್ರೆನ್ನರ್ ಕಣಿವೆಯ ದಕ್ಷಿಣದ ಭಾಗವನ್ನು ಇಟಲಿ ತನ್ನದಾಗಿಸಿಕೊಂಡಿತು. ಹಿಂದೆಯೇ ಮುಸೊಲಿನಿಯ ಆಳ್ವಿಕೆ ಬಂತು. ಜರ್ಮನ್ ಶಾಲೆಗಳು ಮುಚ್ಚಿದವು, ಊರುಗಳಿಗೆಲ್ಲ ಇಟಾಲಿಯನ್ ಹೆಸರು ಬಿತ್ತು. ಜನ ಮನೆಗಳಲ್ಲಿ ಗುಟ್ಟಾಗಿ ಮಕ್ಕಳಿಗೆ ಅಕ್ಷರ ಕಲಿಸಿದರು. ಇವುಗಳಿಗೆ ‘ನೆಲಮಾಳಿಗೆ ಶಾಲೆ’ ಎಂಬ ಅರ್ಥದ ಹೆಸರೇ ಬಂತು. 1939ರಲ್ಲಿ ಹಿಟ್ಲರ್ ಮತ್ತು ಮುಸೊಲಿನಿ ಸೇರಿ ಈ ಜನರ ಮುಂದೆ ಎರಡೇ ದಾರಿ ಇಟ್ಟರು: ಜರ್ಮನಿಗೆ ಹೊರಟುಹೋಗಿ, ಇಲ್ಲವೇ ಉಳಿದು ಇಟಾಲಿಯನ್ನರಾಗಿ. ಬಹುಪಾಲು ಜನ ಹೋಗುತ್ತೇವೆ ಎಂದು ಬರೆದುಕೊಟ್ಟರು. ನಿಜವಾಗಿ ಹೊರಟವರು ಸುಮಾರು 75,000. ಹೋಗುತ್ತೇವೆ ಎಂದವರಿಗೂ ಉಳಿಯುತ್ತೇವೆ ಎಂದವರಿಗೂ ನಡುವೆ ಎದ್ದ ದ್ವೇಷ ಮನೆಮನೆಯನ್ನೂ ಒಡೆಯಿತು.

ಯುರೋಪಿನಲ್ಲಿ ಯುದ್ಧ ಮುಗಿದ ದಿನವೇ, 1945ರ ಮೇ 8ರಂದು, ಬೋತ್ಸೆನ್ ನಗರದಲ್ಲಿ (ಇಟಾಲಿಯನ್ನರ ಬೊಲ್ಜಾನೊ) ಪಕ್ಷ ಹುಟ್ಟಿತು. ಮೊದಲ ಅಧ್ಯಕ್ಷ ಎರಿಖ್ ಆಮೊನ್ ಎಂಬ ವ್ಯಾಪಾರಿ, ಊರು ಬಿಡದೆ ನಿಂತವರ ಗುಂಪಿನವನು. ನಾಜಿಗಳಿಗೆ ತಲೆಬಾಗದವರು ಮುಂದೆ ನಿಂತದ್ದರಿಂದಲೇ ಮಿತ್ರರಾಷ್ಟ್ರಗಳ ಸೇನೆ ಪಕ್ಷ ಕಟ್ಟಲು ಅಡ್ಡಿಪಡಿಸಲಿಲ್ಲ. ಆದರೆ ಪಕ್ಷದ ಬಾಗಿಲು ಎರಡೂ ಗುಂಪಿಗೆ ತೆರೆದಿತ್ತು. ಒಡೆದ ಸಮುದಾಯವನ್ನು ಮತ್ತೆ ಕೂಡಿಸುವ ಕೆಲಸ ಅಲ್ಲಿಂದಲೇ ಶುರುವಾಯಿತು.

ಆಸ್ಟ್ರಿಯಾಕ್ಕೆ ಮರಳುವ ಆಸೆ ಕೈಗೂಡಲಿಲ್ಲ. ಬದಲಿಗೆ 1946ರ ಸೆಪ್ಟೆಂಬರಿನಲ್ಲಿ ಪ್ಯಾರಿಸ್‌ನಲ್ಲಿ ಆಸ್ಟ್ರಿಯಾ ಮತ್ತು ಇಟಲಿಯ ವಿದೇಶಾಂಗ ಮಂತ್ರಿಗಳು ಒಪ್ಪಂದ ಮಾಡಿಕೊಂಡು ಸ್ವಾಯತ್ತತೆಯ ಭರವಸೆ ಕೊಟ್ಟರು. ರೋಮ್ ಇದನ್ನು ಜಾಣತನದಿಂದ ಜಾರಿ ಮಾಡಿತು: ದಕ್ಷಿಣ ಟಿರೋಲನ್ನು ಪಕ್ಕದ ಟ್ರೆಂಟಿನೊ ಜೊತೆ ಸೇರಿಸಿ ಒಂದೇ ಪ್ರದೇಶ ಮಾಡಿತು. ಸೇರಿಸಿ ಎಣಿಸಿದರೆ ಇಟಾಲಿಯನ್ನರೇ ಹೆಚ್ಚು. ಕಾಗದದಲ್ಲಿ ಸ್ವಾಯತ್ತತೆ ಬಂತು, ಅಧಿಕಾರ ಮಾತ್ರ ಟ್ರೆಂಟಿನೊದ ಟ್ರೆಂಟೊ ನಗರದಲ್ಲಿ ಉಳಿಯಿತು.

ಇಲ್ಲಿ ಪಕ್ಷದ ನಾಯಕ ಸಿಲ್ವಿಯಸ್ ಮಾನ್ಯಾಗೊ ಬರುತ್ತಾರೆ. ಯುದ್ಧದಲ್ಲಿ ಒಂದು ಕಾಲು ಕಳೆದುಕೊಂಡು ಊರುಗೋಲು ಹಿಡಿದು ನಡೆಯುತ್ತಿದ್ದ ವಕೀಲ. ತಂದೆ ಟ್ರೆಂಟಿನೊ ಕಡೆಯ ಇಟಾಲಿಯನ್ ಭಾಷಿಕ, ತಾಯಿ ಆಸ್ಟ್ರಿಯಾದವರು. ಜರ್ಮನ್ ಭಾಷಿಕರ ಹಕ್ಕಿನ ಮಹಾನಾಯಕ ಮಿಶ್ರ ಮನೆತನದ ಮಗ ಎಂಬುದು ನನಗೆ ಈ ಕತೆಯ ಅತ್ಯಂತ ರುಚಿಕರ ಭಾಗ. 1957ರ ನವೆಂಬರ್ 17ರಂದು ಸಿಗ್ಮುಂಡ್ಸ್‌ಕ್ರೋನ್ ಎಂಬ ಹಾಳು ಕೋಟೆಯಲ್ಲಿ ಸುಮಾರು 35,000 ಜನ ಸೇರಿದರು. ನಗರದೊಳಗೆ ಸಭೆ ನಡೆಸಲು ಅನುಮತಿ ಇರಲಿಲ್ಲ. ‘ಟ್ರೆಂಟೊ ಹಂಗು ಬೇಡ’ ಎಂಬುದೇ ಅಂದಿನ ಘೋಷಣೆ. ಕೆರಳಿದ ಜನ ನಗರದತ್ತ ನುಗ್ಗಬಹುದಿತ್ತು. ಶಾಂತಿ ಕಾಪಾಡುವುದಾಗಿ ಮಾತು ಕೊಟ್ಟಿದ್ದೇನೆ, ಅದನ್ನು ಉಳಿಸಿಕೊಡಿ ಎಂದು ಮಾನ್ಯಾಗೊ ಕೇಳಿಕೊಂಡರು, ಜನ ಮನೆಗೆ ಮರಳಿದರು. ಅದೇ ಕೋಟೆಯಲ್ಲಿ ಈಗ ಪರ್ವತಾರೋಹಿ ರೈನ್‌ಹೋಲ್ಡ್ ಮೆಸ್ನರ್ ಕಟ್ಟಿದ ಪರ್ವತ ಸಂಗ್ರಹಾಲಯವಿದೆ.

ಎಲ್ಲರಿಗೂ ಅಷ್ಟು ತಾಳ್ಮೆ ಇರಲಿಲ್ಲ. 1961ರ ಜೂನ್ ತಿಂಗಳ ಒಂದು ರಾತ್ರಿ ಪ್ರತ್ಯೇಕತಾವಾದಿಗಳು ಡಜನ್‌ಗಟ್ಟಲೆ ವಿದ್ಯುತ್ ಕಂಬಗಳನ್ನು ಸಿಡಿಸಿದರು. ಪಕ್ಷ ಹಿಂಸೆಯನ್ನು ತಳ್ಳಿಹಾಕಿ ಮಾತುಕತೆಯನ್ನೇ ಹಿಡಿಯಿತು. ಆಸ್ಟ್ರಿಯಾ ಈ ವಿವಾದವನ್ನು ವಿಶ್ವಸಂಸ್ಥೆಗೂ ಒಯ್ದಿತ್ತು.

ಜಾಮೆಲ್‌ಪಾರ್ಟೈ ಎಂದರೇನು ಎಂದು ಒಂದೇ ಘಟನೆಯಲ್ಲಿ ತೋರಿಸಬೇಕೆಂದರೆ ನಾನು 1969ರ ನವೆಂಬರಿನಲ್ಲಿ ಮೆರಾನ್ ಊರಿನಲ್ಲಿ ನಡೆದ ಪಕ್ಷದ ಸಮಾವೇಶವನ್ನು ತೋರಿಸುತ್ತೇನೆ. ರೋಮ್ ಮುಂದಿಟ್ಟ ರಿಯಾಯಿತಿಗಳ ಕಟ್ಟನ್ನು ಒಪ್ಪಬೇಕೇ ಬೇಡವೇ ಎಂಬುದು ಪ್ರಶ್ನೆ. ಮಾನ್ಯಾಗೊ ಒಪ್ಪೋಣ ಎಂದರು; ಪೇಟರ್ ಬ್ರುಗ್ಗರ್ ಬಣ ಇದು ಸಾಲದು ಎಂದಿತು. ವಾದ ಮಧ್ಯರಾತ್ರಿ ದಾಟಿತು. ಕೊನೆಗೆ ಒಪ್ಪಿಗೆ ಸಿಕ್ಕಿದ್ದು ಶೇ. 53ಕ್ಕೂ ಕಡಿಮೆ ಮತಗಳಿಂದ. ಬೇರೆ ಯಾವ ಪಕ್ಷವಾದರೂ ಬೆಳಗಾಗುವುದರೊಳಗೆ ಎರಡಾಗುತ್ತಿತ್ತು. ಇದು ಒಡೆಯಲಿಲ್ಲ; ಸೋತವರು ತೀರ್ಮಾನಕ್ಕೆ ತಲೆಬಾಗಿ ಒಳಗೇ ಉಳಿದರು.

ಅದರಿಂದ ಬಂದ 1972ರ ಸ್ವಾಯತ್ತತಾ ಶಾಸನ ಅಧಿಕಾರವನ್ನು ಟ್ರೆಂಟೊದಿಂದ ಬೋತ್ಸೆನ್‌ಗೆ ತಂದಿತು. ಇಂದು ಅಲ್ಲಿ ಸಂಗ್ರಹವಾಗುವ ತೆರಿಗೆಯ ಸುಮಾರು ಹತ್ತನೇ ಒಂಬತ್ತು ಪಾಲು ಪ್ರಾಂತ್ಯಕ್ಕೇ ಸೇರುತ್ತದೆ. ಸರ್ಕಾರಿ ಹುದ್ದೆಗಳು ಭಾಷಾ ಗುಂಪುಗಳ ಜನಸಂಖ್ಯೆಗೆ ತಕ್ಕ ಪ್ರಮಾಣದಲ್ಲಿ ಹಂಚಿಕೆಯಾಗುತ್ತವೆ. ಹುದ್ದೆ ಬೇಕೆನ್ನುವವರು ಎರಡು ಭಾಷೆಗಳ ಪರೀಕ್ಷೆ ಪಾಸು ಮಾಡಬೇಕು. ತಾವು ಯಾವ ಗುಂಪಿಗೆ ಸೇರಿದವರೆಂದು ಬರೆದು ಘೋಷಿಸಬೇಕು. ಅಪ್ಪ ಇಟಾಲಿಯನ್, ಅಮ್ಮ ಜರ್ಮನ್ ಆದ ಮನೆಯ ಮಕ್ಕಳೂ ಯಾವುದಾದರೊಂದು ಗುಂಪನ್ನು ಆರಿಸಿಕೊಳ್ಳಲೇಬೇಕು. ಅಲ್ಪಸಂಖ್ಯಾತರನ್ನು ಕಾಯಲು ಕಟ್ಟಿದ ಬೇಲಿ ಮಿಶ್ರ ಮನೆಗಳನ್ನು ಚುಚ್ಚುತ್ತದೆ ಎಂಬ ಟೀಕೆ ಹಳೆಯದು, ನ್ಯಾಯವಾದುದು ಕೂಡ.

ಜರ್ಮನ್ ಅಲ್ಪಸಂಖ್ಯಾತರ ಸಂಘಟನೆಗಳು ಬೇರೆ ಕಡೆಯೂ ಇವೆ. ರೊಮೇನಿಯಾದ ಜರ್ಮನ್ ವೇದಿಕೆಯಿಂದ ಸಿಬಿಯು ನಗರದ ಮೇಯರ್ ಆದ ಕ್ಲಾಸ್ ಯೊಹಾನಿಸ್ ಮುಂದೆ ಬೇರೆ ಪಕ್ಷ ಸೇರಿ ದೇಶದ ಅಧ್ಯಕ್ಷರೇ ಆದರು. ಪೋಲೆಂಡಿನ ಒಪೋಲೆ ಭಾಗದ ಜರ್ಮನ್ನರು 2023ರಲ್ಲಿ ಸಂಸತ್ತಿನ ಕೆಳಮನೆಯಲ್ಲಿ ತಮಗಿದ್ದ ಸ್ಥಾನ ಕಳೆದುಕೊಂಡರು. ಇವರು ತಾವಿರುವ ನೆಲದಲ್ಲೂ ಅಲ್ಪಸಂಖ್ಯಾತರು. ಎಸ್‌ವಿಪಿ ಬಲ ಬೇರೆ: ದೇಶದಲ್ಲಿ ಅಲ್ಪಸಂಖ್ಯಾತರು, ಪ್ರಾಂತ್ಯದಲ್ಲಿ ಬಹುಸಂಖ್ಯಾತರು.

ಆದರೆ ಬೇಡಿಕೆ ಈಡೇರಿದ ಮೇಲೆ ಒಟ್ಟಿಗೇ ಇರಬೇಕಾದ ಕಾರಣ ಸಡಿಲವಾಗುತ್ತದೆ. 2003ರವರೆಗೆ ಪ್ರತಿ ಪ್ರಾಂತೀಯ ಚುನಾವಣೆಯಲ್ಲೂ ಅರ್ಧಕ್ಕಿಂತ ಹೆಚ್ಚು ಮತ ಬಾಚುತ್ತಿದ್ದ ಪಕ್ಷ 2008ರಲ್ಲಿ ಶೇ. 48ಕ್ಕೆ, 2018ರಲ್ಲಿ ಸುಮಾರು ಶೇ. 42ಕ್ಕೆ ಇಳಿಯಿತು. 2023ರಲ್ಲಿ ಸಿಕ್ಕಿದ್ದು ಸುಮಾರು ಶೇ. 34.5 ಮತ, 35ರಲ್ಲಿ 13 ಸ್ಥಾನ. ಇಟಲಿಯಿಂದ ಬೇರೆಯಾಗಲೇಬೇಕು ಎನ್ನುವ ಜರ್ಮನ್ ಮತದಾರರಿಗೆ ಸ್ಯೂಡ್‌ಟಿರೋಲರ್ ಫ್ರೈಹೈಟ್ ಎಂಬ ಪಕ್ಷವಿದೆ. ಭಾಷೆಯ ಗೆರೆಯೇ ಬೇಡ ಎನ್ನುವವರಿಗೆ ಟೀಮ್ ಕೆ ಇದೆ.

ಪ್ರಾಂತ್ಯದ ಸರ್ಕಾರದಲ್ಲಿ ಇಟಾಲಿಯನ್ ಭಾಷಿಕರಿಗೂ ಪಾಲು ಇರಲೇಬೇಕೆಂದು ಶಾಸನ ಹೇಳುತ್ತದೆ. ಹೀಗಾಗಿ ಇಟಾಲಿಯನ್ ಜೊತೆಗಾರರಿಲ್ಲದೆ ಎಸ್‌ವಿಪಿ ಎಂದೂ ಆಳಲಾಗದು. 2024ರ ಆರಂಭದಲ್ಲಿ ಅರ್ನೊ ಕೊಂಪಾಚರ್ ಮೂರನೆಯ ಬಾರಿ ಪ್ರಾಂತ್ಯದ ಮುಖ್ಯಸ್ಥರಾದಾಗ ಆರಿಸಿಕೊಂಡ ಜೊತೆಗಾರರಲ್ಲಿ ಪ್ರಧಾನಿ ಜಾರ್ಜಾ ಮೆಲೊನಿಯ ‘ಇಟಲಿಯ ಸೋದರರು’ ಪಕ್ಷವೂ ಇತ್ತು. ಆ ಪಕ್ಷದ ಬೇರು ಯುದ್ಧೋತ್ತರ ನವಫ್ಯಾಸಿಸ್ಟ್ ಚಳವಳಿಯಲ್ಲಿದೆ. ಕಳೆದುಹೋದ ಅಧಿಕಾರಗಳನ್ನು ರೋಮ್‌ನಿಂದ ಮರಳಿ ಪಡೆಯಲು ಇದು ಬೇಕು ಎಂದು ನಾಯಕರು ಸಮರ್ಥಿಸಿಕೊಂಡರು; ಪಕ್ಷದ ಒಳಗೂ ಹೊರಗೂ ಅದನ್ನು ಒಪ್ಪದವರು ಬಹಳ ಮಂದಿ ಇದ್ದರು.