ಹೊಸ ಬ್ಯಾಟರಿ ಹಾಕಿಸಿದರೂ ಬೆಳಗ್ಗೆ ಸೆಲ್ಫ್ ಎತ್ತುತ್ತಿಲ್ಲ, ಯಾಕೆ?

ಪ್ರಶ್ನೆ: ನಮ್ಮದು ಒಂಬತ್ತು ವರ್ಷದ ಪೆಟ್ರೋಲ್ ಕಾರು. ನಾಲ್ಕು ತಿಂಗಳ ಹಿಂದೆ ಹೊಸ ಬ್ಯಾಟರಿ ಹಾಕಿಸಿದೆ. ಆದರೂ ಎರಡು ಸಲ ಬೆಳಗ್ಗೆ ಕೀ ತಿರುಗಿಸಿದಾಗ ಬರೀ ‘ಟಿಕ್ ಟಿಕ್ ಟಿಕ್’. ರಾತ್ರಿ ಹೆಡ್‌ಲೈಟ್, ಎಸಿ ಎರಡೂ ಹಾಕಿಕೊಂಡು ಸಿಗ್ನಲ್‌ನಲ್ಲಿ ನಿಂತರೆ ಮೀಟರ್ ಬೋರ್ಡಿನಲ್ಲಿ ಕೆಂಪು ಬ್ಯಾಟರಿ ಗುರುತು ಮಂಕಾಗಿ ಹೊತ್ತಿಕೊಳ್ಳುತ್ತದೆ, ಆಕ್ಸಿಲರೇಟರ್ ಒತ್ತಿದರೆ ಆರಿಹೋಗುತ್ತದೆ. ಬ್ಯಾಟರಿ ಅಂಗಡಿಯವರು ಬ್ಯಾಟರಿಗೆ ಏನೂ ಆಗಿಲ್ಲ ಅನ್ನುತ್ತಾರೆ. ಮೆಕ್ಯಾನಿಕ್ ಇಡೀ ಆಲ್ಟರ್ನೇಟರ್ ಬದಲಿಸಬೇಕು ಅನ್ನುತ್ತಾರೆ. ಯಾರನ್ನು ನಂಬಲಿ?

ಬ್ಯಾಟರಿ ಅಂಗಡಿಯವರ ಮಾತು ನಿಜವಿರಬಹುದು. ಮೆಕ್ಯಾನಿಕ್ ಮಾತು ಅರ್ಧ ನಿಜ. ತಾರಸಿ ಮೇಲಿನ ಟ್ಯಾಂಕಿಗೆ ನೀರು ಏರದಿದ್ದರೆ ನಾವು ಮೊದಲು ಮೋಟರ್ ನೋಡುತ್ತೇವೆಯೇ ಹೊರತು ಟ್ಯಾಂಕ್ ಬದಲಿಸುವುದಿಲ್ಲ. ಕಾರಿನ ವಿಷಯದಲ್ಲಿ ಮಾತ್ರ ಎಲ್ಲರೂ ಮೊದಲು ಟ್ಯಾಂಕನ್ನೇ, ಅಂದರೆ ಬ್ಯಾಟರಿಯನ್ನೇ, ಬದಲಿಸುತ್ತಾರೆ. ನಾನೂ ಹಾಗೆಯೇ ಒಂದು ಬ್ಯಾಟರಿಯ ದುಡ್ಡು ಕಳೆದುಕೊಂಡವನು.

ಇಲ್ಲಿ ಮೋಟರ್ ಅಂದರೆ ಆಲ್ಟರ್ನೇಟರ್, ಇಂಜಿನ್ ಓಡುವಾಗ ಬ್ಯಾಟರಿಗೆ ಚಾರ್ಜ್ ತುಂಬುವ, ನಮ್ಮ ಹಳೆಯ ಡ್ರೈವರುಗಳು ಈಗಲೂ ‘ಡೈನಮೋ’ ಅನ್ನುವ ವಸ್ತು. ಹಳೆಯ ಅಂಬಾಸಡರ್‌ಗಳಲ್ಲಿ ಇದ್ದದ್ದು ನಿಜವಾದ ಡೈನಮೋನೇ. ಇಂಜಿನ್ ನಿಧಾನಕ್ಕೆ ಓಡುವಾಗ ಅದು ಹೆಚ್ಚುಕಡಿಮೆ ಏನೂ ಚಾರ್ಜ್ ಮಾಡುತ್ತಿರಲಿಲ್ಲ. ಆಲ್ಟರ್ನೇಟರ್ ಬಂದ ಮೇಲೆ ಆ ಕಷ್ಟ ತಪ್ಪಿತು. ಇಂಜಿನ್ನಿನ ಬೆಲ್ಟ್ ಇದನ್ನು ತಿರುಗಿಸುತ್ತದೆ. ಒಳಗೆ ತಿರುಗುವ ರೋಟರ್‌ಗೆ ಎರಡು ಸಣ್ಣ ಕಾರ್ಬನ್ ಬ್ರಷ್‌ಗಳು ಕರೆಂಟ್ ಮುಟ್ಟಿಸಿ ಅದನ್ನು ಅಯಸ್ಕಾಂತ ಮಾಡುತ್ತವೆ. ಸುತ್ತಲಿನ ಸ್ಟೇಟರ್ ಸುರುಳಿಯಲ್ಲಿ ಹುಟ್ಟುವ ಎಸಿ (ದಿಕ್ಕು ಬದಲಿಸುತ್ತಲೇ ಇರುವ) ವಿದ್ಯುತ್ತನ್ನು ಡಯೋಡುಗಳು ಡಿಸಿ (ಒಂದೇ ದಿಕ್ಕಿನದು) ಮಾಡುತ್ತವೆ. ವೋಲ್ಟೇಜ್ ಹದ್ದು ಮೀರದಂತೆ ರೆಗ್ಯುಲೇಟರ್ ನೋಡಿಕೊಳ್ಳುತ್ತದೆ. ಇಷ್ಟರಲ್ಲಿ ಯಾವುದು ಕೈಕೊಟ್ಟರೂ ಸಾಮಾನ್ಯವಾಗಿ ಹೊರಗೆ ಕಾಣುವುದು ಒಂದೇ: ಬ್ಯಾಟರಿ ಡೌನ್.

ನಿಮ್ಮ ಪತ್ರದಲ್ಲಿ ನನ್ನ ಗಮನ ಹಿಡಿದದ್ದು ‘ಮಂಕಾಗಿ’ ಅನ್ನುವ ಮಾತು. ಬಹಳಷ್ಟು ಕಾರುಗಳಲ್ಲಿ ಆ ಕೆಂಪು ಬಲ್ಬಿನ ಒಂದು ತುದಿ ಕೀ ಸ್ವಿಚ್ಚಿಗೆ, ಇನ್ನೊಂದು ತುದಿ ಆಲ್ಟರ್ನೇಟರ್‌ಗೆ ಸೇರಿರುತ್ತದೆ. ಎರಡೂ ಕಡೆ ವೋಲ್ಟೇಜ್ ಸಮ ಇದ್ದರೆ ಬಲ್ಬಿನಲ್ಲಿ ಕರೆಂಟ್ ಹರಿಯುವುದಿಲ್ಲ, ಅದು ಹೊತ್ತುವುದಿಲ್ಲ. ಆಲ್ಟರ್ನೇಟರ್ ಕಡೆ ಪೂರ್ತಿ ಸತ್ತಿದ್ದರೆ ಬಲ್ಬು ಪ್ರಖರವಾಗಿ ಉರಿಯುತ್ತದೆ. ಮಂಕಾಗಿ ಉರಿದರೆ ಆ ಕಡೆ ಸ್ವಲ್ಪ ಬರುತ್ತಿದೆ, ಸಾಲುತ್ತಿಲ್ಲ ಎಂದರ್ಥ. ಸವೆದ ಬ್ರಷ್, ಜಾರುವ ಬೆಲ್ಟ್, ಒಂದೆರಡು ಸುಟ್ಟ ಡಯೋಡ್: ಸಾಮಾನ್ಯವಾಗಿ ಈ ಮೂರರಲ್ಲಿ ಒಂದು. ಇನ್ನೊಂದು ಮಾತು, ಕೀ ಆನ್ ಮಾಡಿ ಇಂಜಿನ್ ಸ್ಟಾರ್ಟ್ ಮಾಡುವ ಮೊದಲು ಈ ಬಲ್ಬು ಹೊತ್ತಲೇಬೇಕು. ಹೊತ್ತದಿದ್ದರೆ ಬಲ್ಬೋ ವೈರೋ ಹೋಗಿದೆ, ಕೆಲವು ಗಾಡಿಗಳಲ್ಲಿ ಅದೊಂದೇ ಕಾರಣಕ್ಕೆ ಚಾರ್ಜಿಂಗ್ ಶುರುವಾಗುವುದೇ ಇಲ್ಲ. (ಹೊಸ ಗಾಡಿಗಳಲ್ಲಿ ಈ ದೀಪವನ್ನು ಹೊತ್ತಿಸುವುದು ಕಂಪ್ಯೂಟರ್, ಅಲ್ಲಿ ಈ ಲೆಕ್ಕ ನಡೆಯದು.)

ಮೊದಲು ಬೆಲ್ಟ್ ನೋಡಿ, ಇಂಜಿನ್ ಆಫ್ ಇರಲಿ, ಕೀ ಜೇಬಿನಲ್ಲಿರಲಿ. ಟಾರ್ಚ್ ಬಿಟ್ಟು ನೋಡಿದರೆ ಬಿರುಕು, ಎದ್ದ ನೂಲು, ಗಾಜಿನಂತೆ ಹೊಳೆಯುವ ಅಂಚು ಕಾಣುತ್ತದೆ. ಮಳೆಗಾಲದ ಬೆಳಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ‘ಕಿರ್ರ್’ ಎಂದು ಕಿರುಚಿ ಸುಮ್ಮನಾಗುವ ಗಾಡಿಯ ಬೆಲ್ಟ್ ಜಾರುತ್ತಿದೆ. ಸದ್ದು ನಿಲ್ಲಲಿ ಅಂತ ಬೆಲ್ಟಿಗೆ ಸೋಪು ಸವರುವವರನ್ನು ನೋಡಿದ್ದೇನೆ. ಸದ್ದು ನಿಲ್ಲುತ್ತದೆ, ಜಾರುವುದು ಜಾಸ್ತಿಯಾಗುತ್ತದೆ.

ಬೆಲ್ಟ್ ಸರಿಯಿದ್ದರೆ ಮಲ್ಟಿಮೀಟರ್. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಡಿಸಿ 20 ವೋಲ್ಟ್‌ಗೆ ಇಟ್ಟು ಕೆಂಪು ವೈರನ್ನು ಬ್ಯಾಟರಿಯ ಪ್ಲಸ್‌ಗೆ, ಕಪ್ಪನ್ನು ಮೈನಸ್‌ಗೆ ಹಿಡಿಯಿರಿ. ರಾತ್ರಿಯಿಡೀ ನಿಂತ ಗಾಡಿಯಲ್ಲಿ, ಸ್ಟಾರ್ಟ್ ಮಾಡುವ ಮೊದಲು, 12.6 ಬಂದರೆ ಬ್ಯಾಟರಿ ತುಂಬಿದೆ. 12.2 ಬಂದರೆ ಅರ್ಧಕ್ಕೆ ಇಳಿದಿದೆ. 12ಕ್ಕಿಂತ ಕೆಳಗೆ ಹೋದರೆ ಖಾಲಿಯ ಹತ್ತಿರ. ಈಗ ಸ್ಟಾರ್ಟ್ ಮಾಡಿ ಮತ್ತೆ ಹಿಡಿಯಿರಿ. 13.8ರಿಂದ 14.5ರ ಒಳಗೆ ಇರಬೇಕು. ಹೆಡ್‌ಲೈಟ್ ಹೈಬೀಮ್, ಬ್ಲೋವರ್ ಪೂರ್ತಿ, ಎಸಿ ಎಲ್ಲ ಹಾಕಿ, ಯಾರಿಗಾದರೂ ಆಕ್ಸಿಲರೇಟರ್ ಸ್ವಲ್ಪ ಒತ್ತಿ ಹಿಡಿಯಲು ಹೇಳಿ. ಆಗಲೂ 13.5ರ ಆಸುಪಾಸು ನಿಲ್ಲಬೇಕು. 13ರ ಕೆಳಗೆ ಜಾರಿ ಇಳಿಯುತ್ತಲೇ ಇದ್ದರೆ ನಿಮ್ಮ ಗಾಡಿ ಆಲ್ಟರ್ನೇಟರ್ ಮೇಲಲ್ಲ, ಬ್ಯಾಟರಿಯ ಉಳಿತಾಯದ ಮೇಲೆ ಓಡುತ್ತಿದೆ. 15 ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ, ಬ್ಯಾಟರಿ ಕುದಿಯುತ್ತದೆ, ಬಲ್ಬುಗಳು ಒಂದೊಂದಾಗಿ ಹೋಗುತ್ತವೆ.

ಮೀಟರನ್ನು ಎಸಿ ವೋಲ್ಟ್‌ಗೆ ತಿರುಗಿಸಿ ಓಡುವ ಇಂಜಿನ್ನಿನಲ್ಲೇ ಇನ್ನೊಮ್ಮೆ ಹಿಡಿಯಿರಿ. ಅರ್ಧ ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ಡಯೋಡ್ ಮೇಲೆ ಗುಮಾನಿ ಪಡಬಹುದು, ಆದರೆ ಅಗ್ಗದ ಮೀಟರುಗಳು ಈ ಅಳತೆಯಲ್ಲಿ ಸುಳ್ಳು ಹೇಳುವುದೂ ಉಂಟು. ಸೋರುವ ಡಯೋಡ್ ಇನ್ನೊಂದು ಕಿತಾಪತಿ ಮಾಡುತ್ತದೆ. ಗಾಡಿ ನಿಂತಾಗ ಬ್ಯಾಟರಿಯ ಕರೆಂಟ್ ರಾತ್ರಿಯಿಡೀ ಅದರ ಮೂಲಕ ಹಿಂದಕ್ಕೆ ಸೋರುತ್ತದೆ. ಹಗಲು ಚೆನ್ನಾಗಿ ಓಡಿ ಬೆಳಗ್ಗೆ ಮಾತ್ರ ಸತ್ತಿರುವ ಗಾಡಿಗಳಲ್ಲಿ ಇದನ್ನೂ ನೋಡಿಸಬೇಕು.

ಒಂದು ಕೆಲಸ ಮಾತ್ರ ಯಾರು ಹೇಳಿದರೂ ಮಾಡಬೇಡಿ. ಇಂಜಿನ್ ಓಡುವಾಗ ಬ್ಯಾಟರಿ ಟರ್ಮಿನಲ್ ಕಿತ್ತು, ‘ಆಫ್ ಆಗಲಿಲ್ಲ ನೋಡಿ, ಆಲ್ಟರ್ನೇಟರ್ ಚೆನ್ನಾಗಿದೆ’ ಅನ್ನುವ ಹಳೆಯ ಪರೀಕ್ಷೆ ಇದೆಯಲ್ಲ, ಅದು. ಕಿತ್ತ ಕ್ಷಣ ವೋಲ್ಟೇಜ್ ಒಮ್ಮೆಲೇ ನೆಗೆಯುತ್ತದೆ. ಡೈನಮೋ ಕಾಲದ ಗಾಡಿ ತಡೆದುಕೊಂಡೀತು, ಈಗಿನ ಗಾಡಿಯ ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಸುಟ್ಟುಹೋಗಬಹುದು.

ರಿಪೇರಿಗೆ ಬರೋಣ. ನನ್ನ ಕಾರಿನ ಆಲ್ಟರ್ನೇಟರನ್ನು ಆಟೋ ಎಲೆಕ್ಟ್ರಿಷಿಯನ್ ಒಬ್ಬರು ಬೆಂಚಿನ ಮೇಲೆ ಬಿಚ್ಚಿದಾಗ ಹಿಂದಿನ ಮುಚ್ಚಳದಿಂದ ಕಾಡಿಗೆಯಂಥ ಕರಿ ಪುಡಿ ಸುರಿಯಿತು. ಬ್ರಷ್ ಹೋಲ್ಡರ್ ತೆಗೆದು ಅಂಗೈ ಮೇಲಿಟ್ಟರು. ಒಂದು ಬ್ರಷ್ ಉಗುರಿನಷ್ಟಿತ್ತು, ಇನ್ನೊಂದು ಹೋಲ್ಡರಿನಿಂದ ಹೊರಗೇ ಬಂದಿರಲಿಲ್ಲ, ಹಿಂದಿನ ಸ್ಪ್ರಿಂಗಿಗೆ ತಳ್ಳಲು ಏನೂ ಉಳಿದಿರಲಿಲ್ಲ. ಗಾಡಿ ಕುಲುಕಿದಾಗ ಅದು ರೋಟರಿನ ರಿಂಗ್ ಮುಟ್ಟುತ್ತಿತ್ತು, ಬಿಡುತ್ತಿತ್ತು. ರಿಂಗುಗಳನ್ನು ಸಣ್ಣ ಮರಳು ಕಾಗದದಲ್ಲಿ ಉಜ್ಜಿ ಹೊಸ ಬ್ರಷ್ ಕೂರಿಸಿದರು. ಹಳೆಯ ಬ್ಯಾಟರಿಯನ್ನು ನಾನು ಆಗಲೇ ಎಕ್ಸ್‌ಚೇಂಜಿಗೆ ಕೊಟ್ಟು ಮೂರು ತಿಂಗಳಾಗಿತ್ತು.

ಬ್ರಷ್, ರೆಗ್ಯುಲೇಟರ್, ಡಯೋಡ್ ಪ್ಲೇಟ್, ಬೇರಿಂಗ್ ಇವೆಲ್ಲ ಬಹುತೇಕ ಆಲ್ಟರ್ನೇಟರ್‌ಗಳಿಗೆ ಬಿಡಿಯಾಗಿ ಸಿಗುತ್ತವೆ. ಬೆಂಗಳೂರಿನ ಜೆ.ಸಿ. ರಸ್ತೆಯ ಸ್ಪೇರ್ ಪಾರ್ಟ್ಸ್ ಸಾಲಿಗೆ ಹೋಗಬೇಕೆಂದೂ ಇಲ್ಲ, ತಾಲ್ಲೂಕು ಕೇಂದ್ರದ ಆಟೋ ಎಲೆಕ್ಟ್ರಿಷಿಯನ್ ತರಿಸಿಕೊಡುತ್ತಾರೆ. ಸುರುಳಿಯೇ ಸುಟ್ಟು ವಾರ್ನಿಷ್ ಕಮರು ವಾಸನೆ ಬರುತ್ತಿದ್ದರೆ ಇಡೀ ಯೂನಿಟ್ ಬದಲಿಸುವುದು ಲೇಸು. ರಿವೈಂಡಿಂಗ್ (ಸುರುಳಿಯನ್ನು ಹೊಸ ತಂತಿಯಲ್ಲಿ ಸುತ್ತಿಸುವುದು) ಮಾಡಿಸಿದ್ದು ಬಾಳುವುದು ಮಾಡಿದವರ ಕೈ ಮೇಲೆ ನಿಂತಿದೆ. ಬ್ರೇಕಿಗೆ ನೆರವಾಗುವ ವ್ಯಾಕ್ಯೂಮ್ ಪಂಪ್ ಆಲ್ಟರ್ನೇಟರಿನ ಬೆನ್ನಿಗೇ ಇರುವ ಹಳೆಯ ಡೀಸೆಲ್ ಗಾಡಿಯವರು ಎಣ್ಣೆ ಸೋರಿಕೆಯನ್ನೂ ನೋಡಿಸಬೇಕು. ಸೀಲ್ ಹೋದರೆ ಎಣ್ಣೆ ಬ್ರಷ್‌ವರೆಗೆ ಇಳಿಯುತ್ತದೆ. ಬಿಚ್ಚುವ ಮೊದಲು ಬ್ಯಾಟರಿಯ ಮೈನಸ್ ಟರ್ಮಿನಲ್ ತೆಗೆದಿರಬೇಕು, ಆಲ್ಟರ್ನೇಟರಿನ ದಪ್ಪ ವೈರಿನಲ್ಲಿ ಕೀ ಆಫ್ ಇದ್ದರೂ ಕರೆಂಟ್ ಇರುತ್ತದೆ.

ರಿಪೇರಿಗೆ ಮೊದಲೇ ದಾರಿಯಲ್ಲಿ ಆ ಕೆಂಪು ದೀಪ ಹೊತ್ತಿ ನಿಂತರೆ? ಮೊದಲು ಟೆಂಪರೇಚರ್ ಮುಳ್ಳು ನೋಡಿ. ಕೆಲವು ಗಾಡಿಗಳಲ್ಲಿ ಅದೇ ಬೆಲ್ಟ್ ವಾಟರ್ ಪಂಪನ್ನೂ ತಿರುಗಿಸುತ್ತದೆ, ಬೆಲ್ಟ್ ತುಂಡಾಗಿದ್ದರೆ ಇಂಜಿನ್ ಕಾಯುತ್ತದೆ, ಅಲ್ಲೇ ನಿಲ್ಲಿಸಬೇಕು. ಕಾಯುತ್ತಿಲ್ಲವಾದರೆ ಎಸಿ, ಬ್ಲೋವರ್, ಹಾಡು ಎಲ್ಲ ಆಫ್ ಮಾಡಿ, ಇಂಜಿನ್ ಆಫ್ ಮಾಡದೆ ಹತ್ತಿರದ ಊರು ಸೇರಿ. ಸಣ್ಣ ಕಾರಿನ ಬ್ಯಾಟರಿಯ ಸಾಮರ್ಥ್ಯ 35 ಆಂಪಿಯರ್-ಅವರ್ ಆಸುಪಾಸು. ಹಗಲಿನಲ್ಲಿ ಅದು ಒಂದಷ್ಟು ದೂರ ಕೊಂಡೊಯ್ದೀತು. ರಾತ್ರಿ, ಮಳೆ, ವೈಪರ್, ಹೆಡ್‌ಲೈಟ್ ಸೇರಿದರೆ ಒಂದು ಗಂಟೆಯ ಭರವಸೆಯೂ ಇಲ್ಲ. ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಆ ದೀಪ ಕಂಡರೆ ಘಾಟಿ ಇಳಿಯುವ ಯೋಚನೆ ಬಿಡಿ. ಎಲೆಕ್ಟ್ರಿಕ್ ಸ್ಟಿಯರಿಂಗ್ ಮೊದಲು ಭಾರವಾಗುತ್ತದೆ, ಆಮೇಲೆ ಇಂಜಿನ್ನೇ ನಿಲ್ಲುತ್ತದೆ.

ನಿಮ್ಮ ಕಾರಿಗೆ ನಾನು ಹೇಳುವುದು: ಬೆಲ್ಟ್ ನೋಡಿಸಿ, ಆಲ್ಟರ್ನೇಟರ್ ಇಳಿಸಿ ಬಿಚ್ಚಿಸಿ, ನಿಮ್ಮ ಕಣ್ಣೆದುರೇ ಬ್ರಷ್ ಅಳೆಸಿ. ಬರೀ ಬ್ರಷ್ಷೇ ಆಗಿದ್ದರೆ ಇಡೀ ಯೂನಿಟ್ಟಿನ ಬೆಲೆಯ ಸಣ್ಣ ಪಾಲಿನಲ್ಲಿ ಕೆಲಸ ಮುಗಿಯುತ್ತದೆ. ಎರಡು ಸಲ ಪೂರ್ತಿ ಇಳಿದ ಬ್ಯಾಟರಿಯನ್ನು ಹಾಗೆಯೇ ಕೂರಿಸಬೇಡಿ, ಒಂದು ರಾತ್ರಿ ಅಂಗಡಿಯ ಚಾರ್ಜರಿಗೆ ಹಾಕಿಸಿ. ಖಾಲಿ ಬ್ಯಾಟರಿ ತುಂಬಿಸಲು ಏದುಸಿರು ಬಿಟ್ಟು ಕಾದ ಆಲ್ಟರ್ನೇಟರ್ ಮತ್ತೆ ಡಯೋಡ್ ಸುಟ್ಟುಕೊಂಡೀತು. ಕೂರಿಸಿದ ಮೇಲೆ ಹೆಡ್‌ಲೈಟ್, ಎಸಿ ಹಾಕಿ ಮೀಟರ್ ಹಿಡಿಯಿರಿ, ದುಡ್ಡು ಕೊಡುವುದು ಆ ಅಂಕಿ ನೋಡಿದ ಮೇಲೆ.